ಓದುಗರ ಪ್ರಶ್ನೆ: ಒಂದೇ ಜಾಬ್ ಎರಡು ಸಲ ಓಡಿದ್ರೆ ಏನ್ ಮಾಡೋದು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ರೂಬಿ ಆ್ಯಪ್‌ಗಳ ಬ್ಯಾಕ್‌ಗ್ರೌಂಡ್ ಜಾಬ್ (ಬಳಕೆದಾರರನ್ನ ಕಾಯಿಸದೆ ಹಿಂದೆ ನಡೆಯೋ ಕೆಲಸ) ಬಗ್ಗೇನೇ ಇತ್ತು. ಐದನ್ನ ಆರಿಸ್ಕೊಂಡಿದೀನಿ. ಹೊಸಬರಿಗೆ ಒಂದು ಮಾತು: ರೈಲ್ಸ್ ಅಂದ್ರೆ ರೂಬಿಯಲ್ಲಿ ವೆಬ್ ಆ್ಯಪ್ ಕಟ್ಟೋ ಚೌಕಟ್ಟು; ಸೈಡ್‌ಕಿಕ್ ಅಂದ್ರೆ ಇಂಥ ಜಾಬ್‌ಗಳನ್ನ ಓಡಿಸೋ ಸಾಧನ, ಅದು ಜಾಬ್‌ಗಳ ಸಾಲನ್ನ (ಕ್ಯೂ) ರೆಡಿಸ್ ಅನ್ನೋ ಡೇಟಾ ಸ್ಟೋರಲ್ಲಿ ಇಡುತ್ತೆ; ಆ ಸಾಲಿಗೆ ಜಾಬ್ ಹಾಕೋದು ಎನ್‌ಕ್ಯೂ; ಹೊಸ ಕೋಡನ್ನ ಸರ್ವರ್‌ಗೆ ಹಾಕೋದು ಡೆಪ್ಲಾಯ್. ಮೊದಲನೇದಕ್ಕೆ ಉತ್ತರ ಉದ್ದ ಆಗಿದೆ, ಯಾಕಂದ್ರೆ ಅದು ದುಡ್ಡಿನ ವಿಷಯ, ಅರ್ಧಂಬರ್ಧ ಹೇಳಿ ಬಿಡೋಕೆ ಮನಸ್ಸು ಬರ್ಲಿಲ್ಲ.

ಪ್ರಶ್ನೆ: ಸರ್, ನಮ್ಮದು ರೈಲ್ಸ್ ಆ್ಯಪ್, ಸೈಡ್‌ಕಿಕ್ ಬಳಸ್ತೀವಿ. ಡೆಪ್ಲಾಯ್ ಮಾಡಿದ ದಿನ ಒಂದಷ್ಟು ಗ್ರಾಹಕರಿಗೆ ಅದೇ ಇನ್‌ವಾಯ್ಸ್ ಮೇಲ್ ಎರಡೆರಡು ಸಲ ಹೋಗ್ತಿದೆ. ಹೋದ ವಾರ ಒಬ್ಬರ ಕಾರ್ಡಿಂದ ದುಡ್ಡೂ ಎರಡು ಸಲ ಕಟ್ ಆಯ್ತು. ಕೋಡಲ್ಲಿ ಎನ್‌ಕ್ಯೂ ಮಾಡಿರೋದು ಒಂದೇ ಸಲ, ಲಾಗ್ ನೋಡಿ ಖಾತ್ರಿ ಮಾಡ್ಕೊಂಡಿದೀನಿ. ಇದು ಸೈಡ್‌ಕಿಕ್ ಬಗ್ ಇರಬಹುದಾ?

ಉತ್ತರ: ಬಗ್ ಅಲ್ಲ, ಅದು ಹಾಗೇ ಕೆಲಸ ಮಾಡೋದು. ಏನಾಗ್ತಿದೆ ಅಂತ ನಿಧಾನಕ್ಕೆ ನೋಡಿ. ಒಂದು ಜಾಬು 400 ಗ್ರಾಹಕರಿಗೆ ಲೂಪಲ್ಲಿ ಮೇಲ್ ಕಳಿಸ್ತಾ ಇದೆ ಅಂದ್ಕೊಳ್ಳಿ, 180ನೇ ಗ್ರಾಹಕರಿಗೆ ಬಂದಾಗ ನೀವು ಡೆಪ್ಲಾಯ್ ಬಟನ್ ಒತ್ತಿದ್ರಿ. ಹಳೇ ಪ್ರೋಸೆಸ್‌ಗೆ (ಓಡ್ತಿರೋ ಪ್ರೋಗ್ರಾಂಗೆ) ಇನ್ನು ನಿಲ್ಲು ಅನ್ನೋ ಟರ್ಮ್ ಸಿಗ್ನಲ್ ಬರುತ್ತೆ, ಸೈಡ್‌ಕಿಕ್ ಹೊಸ ಜಾಬ್ ಎತ್ಕೊಳ್ಳೋದನ್ನ ನಿಲ್ಲಿಸಿ ಕೈಲಿರೋದು ಮುಗೀಲಿ ಅಂತ 25 ಸೆಕೆಂಡ್ ಕಾಯುತ್ತೆ, ಅಷ್ಟರಲ್ಲಿ 260ರವರೆಗೆ ಹೋಗಿರುತ್ತೆ, ಆದ್ರೆ ಮುಗಿದಿರಲ್ಲ. ಆಗ ಅದು ಜಾಬನ್ನ ಹಾಗೇ ರೆಡಿಸ್‌ಗೆ ವಾಪಸ್ ಹಾಕಿ ಸಾಯುತ್ತೆ. ಹೊಸ ಪ್ರೋಸೆಸ್ ಬಂದು ಅದೇ ಜಾಬ್ ಎತ್ಕೊಳ್ಳುತ್ತೆ, ಅದಕ್ಕೆ 260ರ ಲೆಕ್ಕ ಎಲ್ಲಿಂದ ಗೊತ್ತಾಗ್ಬೇಕು, ಒಂದರಿಂದ ಶುರು ಮಾಡುತ್ತೆ. ಹಿಂಗೆ 260 ಜನಕ್ಕೆ ಎರಡನೇ ಮೇಲ್ ಹೋಯ್ತು.

ಡೆಪ್ಲಾಯ್ ಇಲ್ದೇನೂ ಇದೇ ಆಗುತ್ತೆ. ಜಾಬ್ ನಡುವೆ ಎರರ್ ಬಂದ್ರೆ ಸೈಡ್‌ಕಿಕ್ ಅದನ್ನ ಡೀಫಾಲ್ಟ್ ಆಗಿ 25 ಸಲ ರಿಟ್ರೈ ಮಾಡುತ್ತೆ, ನಡುವಿನ ಗ್ಯಾಪ್ ದೊಡ್ಡದಾಗ್ತಾ ಹೋಗಿ ಒಟ್ಟು ಸುಮಾರು ಮೂರು ವಾರ ಹಿಡಿಯುತ್ತೆ, ಪ್ರತಿ ಸಲನೂ ಮೊದಲ ಸಾಲಿಂದಾನೇ. ಅದಕ್ಕೇ ನಾನು ಜಾಬ್ ಬರೆಯೋ ಪ್ರತಿಯೊಬ್ಬರಿಗೂ ಒಂದೇ ಮಾತು ಕೇಳ್ತೀನಿ: ಇದು ಎರಡು ಸಲ ಓಡಿದ್ರೆ ಏನಾಗುತ್ತೆ? ಉತ್ತರ "ಏನೂ ಆಗಲ್ಲ" ಅಂತ ಬರೋವರೆಗೂ ಆ ಕೋಡನ್ನ ಪ್ರೊಡಕ್ಷನ್‌ಗೆ ಬಿಡಬೇಡಿ.

ಮೊದಲು ಆ ಲೂಪ್ ಒಡೀರಿ. ಒಂದು ಜಾಬಿನ ಕೆಲಸ 400 ಐಡಿ ತಗೊಂಡು 400 ಸಣ್ಣ ಜಾಬ್ ಹಾಕೋದು ಅಷ್ಟೇ ಇರ್ಲಿ, ಒಬ್ಬ ಗ್ರಾಹಕರಿಗೆ ಒಂದು ಜಾಬ್. ಸಣ್ಣ ಜಾಬು 25 ಸೆಕೆಂಡ್ ಒಳಗೆ ಆರಾಮಾಗಿ ಮುಗಿಯುತ್ತೆ, ಡೆಪ್ಲಾಯ್ ಬಂದ್ರೂ ಚಿಂತೆ ಇಲ್ಲ. ಆಮೇಲೆ ಇನ್‌ವಾಯ್ಸ್ ಟೇಬಲ್‌ನಲ್ಲಿ ಮೇಲ್ ಕಳಿಸಿದ ಸಮಯದ ಕಾಲಂ ಒಂದು ಇಟ್ಟು, ಜಾಬ್ ಶುರುವಲ್ಲೇ ಅದು ತುಂಬಿದ್ಯಾ ನೋಡಿ, ತುಂಬಿದ್ರೆ ಸುಮ್ನೆ ವಾಪಸ್ ಬನ್ನಿ. ಆ ದೊಡ್ಡ ಜಾಬೇ ಎರಡು ಸಲ ಓಡಿ 800 ಸಣ್ಣ ಜಾಬ್ ಹಾಕಿದ್ರೂ ಈ ಚೆಕ್ ನಿಮ್ಮನ್ನ ಕಾಯುತ್ತೆ, ಎರಡು ಜಾಬು ಸರಿಯಾಗಿ ಒಂದೇ ಹೊತ್ತಿಗೆ ಓಡೋ ಸಾಧ್ಯತೆ ಇದ್ರೆ ಮಾತ್ರ ಟೇಬಲ್‌ನಲ್ಲಿ ಆ ಇನ್‌ವಾಯ್ಸಿನ ಸಾಲಿಗೆ ಲಾಕ್ ಹಾಕಿ ನೋಡ್ಬೇಕು.

ಆದ್ರೂ ಒಂದು ಸಂದಿ ಉಳಿಯುತ್ತೆ. ಮೇಲ್ ಹೋಯ್ತು, ಕಾಲಂ ತುಂಬೋ ಮುಂಚೆ ಪ್ರೋಸೆಸ್ ಸತ್ತೋಯ್ತು ಅಂದ್ರೆ ಇನ್ನೊಂದು ಮೇಲ್ ಹೋಗೇ ಹೋಗುತ್ತೆ. ಮೊದಲೇ ತುಂಬಿ ಆಮೇಲೆ ಕಳಿಸಿದ್ರೆ ಉಲ್ಟಾ, ಮೇಲ್ ಹೋಗ್ದೇನೇ ಇರಬಹುದು. ಎರಡೂ ಬೇಡ ಅನ್ನೋ ದಾರಿ ಇಲ್ಲ, ಯಾವ ತಪ್ಪು ಸಹಿಸ್ಕೋಬಹುದು ಅಂತ ನೀವೇ ಆರಿಸ್ಕೋಬೇಕು. ಇನ್‌ವಾಯ್ಸ್ ಮೇಲ್ ಅಪರೂಪಕ್ಕೆ ಎರಡು ಹೋದ್ರೆ ನಡೆಯುತ್ತೆ ಅಂತ ನಾನಂತೂ ಕಳಿಸಿ ಆಮೇಲೆ ತುಂಬ್ತೀನಿ.

ದುಡ್ಡಿನ ವಿಷಯ ಹಂಗಲ್ಲ. ಇಲ್ಲಿ ಪೇಮೆಂಟ್ ಗೇಟ್‌ವೇ ನಿಮಗೆ ಸಹಾಯ ಮಾಡುತ್ತೆ, ದೊಡ್ಡ ಗೇಟ್‌ವೇಗಳಲ್ಲಿ ಐಡೆಂಪೊಟೆನ್ಸಿ ಕೀ ಅಂತ ಇರುತ್ತೆ, ಅದೇ ಕೀ ಜೊತೆ ಎರಡನೇ ಸಲ ರಿಕ್ವೆಸ್ಟ್ ಹೋದ್ರೆ ಹೊಸದಾಗಿ ದುಡ್ಡು ಕಟ್ ಮಾಡದೆ ಹಳೇ ಉತ್ತರಾನೇ ವಾಪಸ್ ಕೊಡುತ್ತೆ. ಆದ್ರೆ ಆ ಕೀ ಎಲ್ಲಿ ಹುಟ್ಟುತ್ತೆ ಅನ್ನೋದು ಮುಖ್ಯ. ನಾನು ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಕೀ ಇತ್ತು, ಎಲ್ಲಾ ಇತ್ತು, ಆದ್ರೂ ಡಬಲ್ ಚಾರ್ಜ್ ಆಗ್ತಿತ್ತು. ಎರಡು ದಿನ ತಲೆ ಕೆಡಿಸ್ಕೊಂಡ ಮೇಲೆ ಕಣ್ಣಿಗೆ ಬಿತ್ತು: ರ್‍ಯಾಂಡಮ್ ಕೀ ಮಾಡೋ ಸಾಲು, ಜಾಬ್ ಓಡಿದಾಗೆಲ್ಲ ನಡೆಯೋ ಪರ್ಫಾರ್ಮ್ ಮೆಥಡ್ ಒಳಗೇ ಇತ್ತು. ಪ್ರತಿ ರಿಟ್ರೈಗೂ ಹೊಸ ಕೀ, ಗೇಟ್‌ವೇ ಪಾಲಿಗೆ ಪ್ರತಿ ಸಲನೂ ಹೊಸ ಪೇಮೆಂಟ್. ಆ ಒಂದು ಸಾಲನ್ನ ಎನ್‌ಕ್ಯೂ ಮಾಡೋ ಕಡೆಗೆ ತಂದು, ಕೀಯನ್ನ ಪೇಮೆಂಟ್ ರೆಕಾರ್ಡ್ ಜೊತೆ ಡೇಟಾಬೇಸಲ್ಲಿ ಸೇವ್ ಮಾಡಿದ್ಮೇಲೆ ನಿಂತೋಯ್ತು. ದುಡ್ಡು ಕಳ್ಕೊಂಡವರಿಗೆ ಒಬ್ಬೊಬ್ಬರಿಗೇ ಬರೆದು ರೀಫಂಡ್ ಮಾಡಿದ್ದು ಇವತ್ತಿಗೂ ನೆನಪಿದೆ. ನಿಮ್ಮ ಕೋಡಲ್ಲಿ ಮೊದಲು ಅದನ್ನೇ ನೋಡಿ.

ಇನ್ನೊಂದು ಮಾತು, ಡಾಕರ್ (ಆ್ಯಪನ್ನ ಕಂಟೇನರಲ್ಲಿಟ್ಟು ಓಡಿಸೋ ಸಾಧನ) ಬಳಸ್ತಿದ್ರೆ ಗಮನಿಸಿ. ಡಾಕರ್ ಸ್ಟಾಪ್ ಡೀಫಾಲ್ಟ್ ಆಗಿ ಕಾಯೋದು 10 ಸೆಕೆಂಡ್ ಮಾತ್ರ, ಆಮೇಲೆ ಪ್ರೋಸೆಸ್‌ನ ಕೊಂದೇ ಬಿಡುತ್ತೆ. ಸೈಡ್‌ಕಿಕ್ 25 ಸೆಕೆಂಡ್ ಇದೆ ಅಂದ್ಕೊಂಡು ಕೂತಿರುತ್ತೆ, ಜಾಬ್ ವಾಪಸ್ ಹಾಕೋಕೆ ಅವಕಾಶಾನೇ ಸಿಗಲ್ಲ, ಫ್ರೀ ವರ್ಷನ್‌ನಲ್ಲಿ ಆಗ ಕೈಲಿದ್ದ ಜಾಬ್ ಕಳ್ದೇ ಹೋಗುತ್ತೆ. ಎರಡು ಸಲ ಓಡೋದಕ್ಕಿಂತ ಇದು ಕೆಟ್ಟದ್ದು, ಯಾಕಂದ್ರೆ ಯಾರಿಗೂ ಗೊತ್ತೇ ಆಗಲ್ಲ. ಹೊರಗಿನ ಕಾಯೋ ಸಮಯ ಯಾವಾಗ್ಲೂ ಸೈಡ್‌ಕಿಕ್ ಸಮಯಕ್ಕಿಂತ ಜಾಸ್ತಿ ಇರ್ಬೇಕು.

ಪ್ರಶ್ನೆ: ಹೊಸ ಯೂಸರ್ ಸೇವ್ ಆದ ತಕ್ಷಣ ವೆಲ್ಕಮ್ ಮೇಲ್ ಜಾಬ್ ಹಾಕ್ತೀವಿ. ಒಮ್ಮೊಮ್ಮೆ ರೆಕಾರ್ಡ್ ನಾಟ್ ಫೌಂಡ್ ಎರರ್ ಬರುತ್ತೆ, ನಾನು ಹೋಗಿ ನೋಡಿದ್ರೆ ರೆಕಾರ್ಡ್ ಇರುತ್ತೆ! ರಿಟ್ರೈಯಲ್ಲಿ ತಾನೇ ಸರಿ ಹೋಗುತ್ತೆ. ಬಿಟ್ಬಿಡ್ಲಾ ಮೇಡಂ?

ಉತ್ತರ: ನಾನು ಮೇಡಂ ಅಲ್ಲ, ಸರ್ ಅನ್ನೋದೂ ಬೇಡ, ಹೆಸರಿಲ್ಲದೆ ಬರೆದ್ರೂ ಸಾಕು. ಬಿಡಬೇಡಿ ಮಾತ್ರ. ನೀವು ಸೇವ್ ಆದ ಕೂಡಲೇ ತಾನಾಗಿ ನಡೆಯೋ ಆಫ್ಟರ್ ಸೇವ್ ಕಾಲ್‌ಬ್ಯಾಕಲ್ಲಿ ಜಾಬ್ ಹಾಕ್ತಿದೀರ ಅನ್ಸುತ್ತೆ. ಆ ಹೊತ್ತಿಗೆ ಟ್ರಾನ್ಸಾಕ್ಷನ್ ಇನ್ನೂ ಕಮಿಟ್ ಆಗಿರಲ್ಲ (ಡೇಟಾಬೇಸಲ್ಲಿ ಬರೆದದ್ದು ಖಾಯಂ ಆಗಿರಲ್ಲ), ಆದ್ರೆ ರೆಡಿಸ್‌ಗೂ ನಿಮ್ಮ ಡೇಟಾಬೇಸ್ ಟ್ರಾನ್ಸಾಕ್ಷನ್‌ಗೂ ಸಂಬಂಧ ಇಲ್ಲ, ಜಾಬ್ ಆ ಕ್ಷಣಾನೇ ಕ್ಯೂಗೆ ಹೋಗುತ್ತೆ. ಖಾಲಿ ಕೂತಿದ್ದ ವರ್ಕರ್ ಕೆಲವೇ ಮಿಲಿಸೆಕೆಂಡಲ್ಲಿ ಎತ್ಕೊಂಡು ಹುಡುಕಿದ್ರೆ ರೆಕಾರ್ಡ್ ಅದರ ಕಣ್ಣಿಗೆ ಕಾಣ್ಸಲ್ಲ. ಅದಕ್ಕೇ ಸರ್ವರ್ ಬಿಜಿ ಇಲ್ಲದಾಗ್ಲೇ ಇದು ಜಾಸ್ತಿ ಬರೋದು. ರಿಟ್ರೈ ಬರೋ ಹೊತ್ತಿಗೆ ಕಮಿಟ್ ಆಗಿರುತ್ತೆ, ಸರಿ ಹೋದ ಹಾಗೆ ಕಾಣುತ್ತೆ. ಆದ್ರೆ ಆ ಟ್ರಾನ್ಸಾಕ್ಷನ್ ರೋಲ್‌ಬ್ಯಾಕ್ ಆದ್ರೆ, ಅಂದ್ರೆ ಬರೆದದ್ದೆಲ್ಲ ರದ್ದಾದ್ರೆ? ಇಲ್ಲದ ಯೂಸರ್‌ನ ಹುಡುಕ್ತಾ ಆ ಜಾಬ್ ಮೂರು ವಾರ ಅಲೆಯುತ್ತೆ. ಆಫ್ಟರ್ ಕಮಿಟ್ ಕಾಲ್‌ಬ್ಯಾಕ್‌ಗೆ ಬದಲಾಯಿಸಿ, ಅಷ್ಟೇ. ರೈಲ್ಸ್ 7.2ರಿಂದ ಆಕ್ಟಿವ್ ಜಾಬಲ್ಲಿ (ಜಾಬ್ ಬರೆಯೋಕೆ ರೈಲ್ಸೇ ಕೊಡೋ ಪದರ) ಕಮಿಟ್ ಆಗೋವರೆಗೂ ಎನ್‌ಕ್ಯೂ ತಡೆಹಿಡಿಯೋ ಸೆಟ್ಟಿಂಗ್ ಬಂದಿದೆ, ನಿಮ್ಮ ವರ್ಷನ್‌ನಲ್ಲಿ ಅದು ಆನ್ ಇದ್ಯಾ ನೋಡ್ಕೊಳ್ಳಿ, ಸೈಡ್‌ಕಿಕ್‌ನ ನೇರವಾಗಿ ಕರೀತಿದ್ರೆ ಅದು ನಿಮಗೆ ಅನ್ವಯ ಆಗಲ್ಲ.

ಪ್ರಶ್ನೆ: ತಿಂಗಳಿಗೊಮ್ಮೆ 1 ಲಕ್ಷ ಜನಕ್ಕೆ ನ್ಯೂಸ್‌ಲೆಟರ್ ಕಳಿಸ್ತೀವಿ. ಆವತ್ತು ಪಾಸ್‌ವರ್ಡ್ ರೀಸೆಟ್ ಮೇಲ್ ಗಂಟೆಗಟ್ಟಲೆ ಬರಲ್ಲ ಅಂತ ಜನ ಬೈತಾರೆ. ಕನ್ಕರೆನ್ಸಿ 5 ಇದೆ, 50 ಮಾಡಿದ್ರೆ ಸಾಕಾ?

ಉತ್ತರ: ಪೆನ್ನು ಹಿಡಿದು ಲೆಕ್ಕ ಹಾಕಿ. ಒಂದು ಮೇಲ್‌ಗೆ 300 ಮಿಲಿಸೆಕೆಂಡ್ ಅಂದ್ರೆ 1 ಲಕ್ಷಕ್ಕೆ 30,000 ಸೆಕೆಂಡ್ ಕೆಲಸ. ಕನ್ಕರೆನ್ಸಿ 5 ಅಂದ್ರೆ ಒಟ್ಟಿಗೆ ಕೆಲಸ ಮಾಡೋ 5 ಥ್ರೆಡ್, ಅವು ಹಂಚ್ಕೊಂಡ್ರೆ 6,000 ಸೆಕೆಂಡ್, ಅಂದ್ರೆ 100 ನಿಮಿಷ. ನ್ಯೂಸ್‌ಲೆಟರ್ ಕ್ಯೂಗೆ ಬಿದ್ದ ಮರುಕ್ಷಣ ಪಾಸ್‌ವರ್ಡ್ ಮರೆತವರು 100 ನಿಮಿಷ ಕಾಯ್ಬೇಕು. ಥ್ರೆಡ್ ಎರಡರಷ್ಟು ಮಾಡಿದ್ರೂ 50 ನಿಮಿಷ, ಅಷ್ಟು ಹೊತ್ತು ಯಾರು ಕಾಯ್ತಾರೆ? ತೊಂದರೆ ವೇಗದ್ದಲ್ಲ, ಆತುರ ಇರೋ ಕೆಲಸ, ಇಲ್ಲದ ಕೆಲಸ ಎರಡನ್ನೂ ಒಂದೇ ಸಾಲಲ್ಲಿ ನಿಲ್ಲಿಸಿರೋದು.

50 ಮಾಡಿದ್ರೆ ಬೇರೆ ಕಡೆ ಒಡೆಯುತ್ತೆ. ಪ್ರತಿ ಥ್ರೆಡ್‌ಗೂ ಡೇಟಾಬೇಸ್ ಕನೆಕ್ಷನ್ ಬೇಕು, ಪೂಲ್ (ಪ್ರೋಸೆಸ್ ಇಟ್ಕೊಳ್ಳೋ ಕನೆಕ್ಷನ್‌ಗಳ ಸಂಖ್ಯೆ) 5 ಇಟ್ಟು ಥ್ರೆಡ್ 50 ಮಾಡಿದ್ರೆ ಉಳಿದವು 5 ಸೆಕೆಂಡ್ ಕಾದು ಕನೆಕ್ಷನ್ ಟೈಮ್‌ಔಟ್ ಎರರ್ ಕೊಡುತ್ವೆ. ಪೂಲೂ 50 ಮಾಡಿ ನಾಲ್ಕು ಪ್ರೋಸೆಸ್ ಓಡಿಸಿದ್ರೆ 200 ಕನೆಕ್ಷನ್, ಪೋಸ್ಟ್‌ಗ್ರೆಸ್ ಡೇಟಾಬೇಸಿನ ಡೀಫಾಲ್ಟ್ ಮಿತಿ 100. ಇನ್ನು ಮಾಮೂಲಿ ರೂಬಿಯಲ್ಲಿ ಒಂದು ಪ್ರೋಸೆಸ್ ಒಳಗೆ ಒಂದು ಹೊತ್ತಿಗೆ ಒಂದೇ ಥ್ರೆಡ್ ರೂಬಿ ಕೋಡ್ ಓಡಿಸೋಕೆ ಆಗೋದು, ಮಿಕ್ಕವು ನೆಟ್‌ವರ್ಕಿಗೋ ಡೇಟಾಬೇಸಿಗೋ ಕಾಯ್ತಿದ್ರೆ ಮಾತ್ರ ಥ್ರೆಡ್ ಹೆಚ್ಚಿಸಿದ್ದಕ್ಕೆ ಲಾಭ. ಸೈಡ್‌ಕಿಕ್ 7ರಲ್ಲಿ ಡೀಫಾಲ್ಟ್ ಕನ್ಕರೆನ್ಸಿನ 10ರಿಂದ 5ಕ್ಕೆ ಇಳಿಸಿದಾರೆ, ಸುಮ್ನೆ ಇಳಿಸಿಲ್ಲ.

ಕ್ಯೂ ಬೇರೆ ಮಾಡಿ. ಹೆಸರನ್ನ ಮೇಲ್, ರಿಪೋರ್ಟ್ ಅಂತ ವಿಷಯದ ಮೇಲೆ ಇಡೋದಕ್ಕಿಂತ ಎಷ್ಟು ಹೊತ್ತು ಕಾಯಬಹುದು ಅನ್ನೋದರ ಮೇಲೆ ಇಡಿ: ಅರ್ಧ ನಿಮಿಷ, ಐದು ನಿಮಿಷ, ಒಂದು ಗಂಟೆ. ಆಗ ಹೊಸದಾಗಿ ಸೇರಿದವರೂ ತಮ್ಮ ಜಾಬ್ ಎಲ್ಲಿ ಹಾಕ್ಬೇಕು ಅಂತ ಯಾರನ್ನೂ ಕೇಳ್ಬೇಕಿಲ್ಲ. ಆತುರದ ಕ್ಯೂಗೆ ಪ್ರತ್ಯೇಕ ಪ್ರೋಸೆಸ್ಸೇ ಕೊಡಿ, ಬರೀ ಆದ್ಯತೆ ಕೊಟ್ರೆ ಸಾಲಲ್ಲ, ಯಾಕಂದ್ರೆ ಐದೂ ಥ್ರೆಡ್ ಹತ್ತು ನಿಮಿಷದ ರಿಪೋರ್ಟ್‌ಗಳಲ್ಲಿ ಸಿಕ್ಕಾಕ್ಕೊಂಡಿದ್ರೆ ಆದ್ಯತೆ ಇಟ್ಕೊಂಡು ಏನ್ ಮಾಡೋದು, ನಡುವೆ ಬಿಡಿಸಿ ಎಳೆಯೋಕೆ ಆಗಲ್ವಲ್ಲ. ಡ್ಯಾಶ್‌ಬೋರ್ಡಲ್ಲಿ ಕ್ಯೂ ಉದ್ದ ನೋಡಿ ಗಾಬರಿ ಆಗ್ಬೇಡಿ, ಪಕ್ಕದಲ್ಲಿರೋ ಲೇಟೆನ್ಸಿ ನೋಡಿ, ಕ್ಯೂನಲ್ಲಿರೋ ಅತಿ ಹಳೇ ಜಾಬ್ ಎಷ್ಟು ಹೊತ್ತಿಂದ ಕಾಯ್ತಿದೆ ಅನ್ನೋದು ಅದು. ಅಲರ್ಟ್ ಇಡೋದಾದ್ರೆ ಅದರ ಮೇಲಿಡಿ.

ಪ್ರಶ್ನೆ: ವರ್ಕರ್ ಎಲ್ಲ ಬಿಜಿ ಅಂತ ತೋರಿಸುತ್ತೆ, ಆದ್ರೆ ಒಂದು ಜಾಬೂ ಮುಗಿಯಲ್ಲ. ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ, ಎರಡು ಗಂಟೆ ಬಿಟ್ಟು ಮತ್ತೆ ಅದೇ ಕಥೆ.

ಉತ್ತರ: ರೀಸ್ಟಾರ್ಟ್ ಮಾಡಿದ್ರೆ ಸಾಕ್ಷಿ ಅಳಿಸಿ ಹೋಗುತ್ತೆ. ಮುಂದಿನ ಸಲ ಮೊದಲು ಆ ಸೈಡ್‌ಕಿಕ್ ಪ್ರೋಸೆಸ್‌ಗೆ ಕಿಲ್ ಕಮಾಂಡಿಂದ ಟಿಟಿಐಎನ್ ಸಿಗ್ನಲ್ ಕಳಿಸಿ, ಅದು ಸಾಯಲ್ಲ, ಪ್ರತಿ ಥ್ರೆಡ್ ಈಗ ಯಾವ ಸಾಲಲ್ಲಿ ನಿಂತಿದೆ ಅಂತ ಲಾಗಿಗೆ ಬರೆಯುತ್ತೆ. ಐದೂ ಥ್ರೆಡ್ ಒಂದೇ ಜಾಗದಲ್ಲಿ ನಿಂತಿದ್ರೆ ಕಳ್ಳ ಸಿಕ್ಕ. ಬಹಳ ಸಲ ಅದು ಹೊರಗಿನ ಯಾವುದೋ ಎಪಿಐ ಕರೆ ಆಗಿರುತ್ತೆ. ಇಂಥ ಕರೆ ಮಾಡೋ ರೂಬಿಯ ನೆಟ್ ಎಚ್‌ಟಿಟಿಪಿಯಲ್ಲಿ ಕನೆಕ್ಟ್ ಆಗೋಕೆ, ಓದೋಕೆ ಎರಡಕ್ಕೂ ಕಾಯೋ ಮಿತಿ ಡೀಫಾಲ್ಟ್ ಆಗಿ 60 ಸೆಕೆಂಡ್, ಬ್ಯಾಕ್‌ಗ್ರೌಂಡ್ ಜಾಬಿಗೆ ಅದು ತೀರಾ ಜಾಸ್ತಿ, ನಾನು ಸಾಮಾನ್ಯವಾಗಿ 5 ಮತ್ತು 10 ಇಡ್ತೀನಿ. ಆದ್ರೆ ಇಡೀ ಜಾಬನ್ನ ಟೈಮ್‌ಔಟ್ ಬ್ಲಾಕ್ ಒಳಗೆ ಸುತ್ತೋಕೆ ಹೋಗ್ಬೇಡಿ, ಅದು ಯಾವ ಸಾಲಲ್ಲಿ ಬೇಕಾದ್ರೂ ಎಕ್ಸೆಪ್ಷನ್ ಎಸೆಯುತ್ತೆ, ಡೇಟಾಬೇಸ್ ಕನೆಕ್ಷನ್ ಅರ್ಧ ಮಾತಲ್ಲಿರುವಾಗ ಕಡಿದ್ರೆ ಆಮೇಲೆ ಅದನ್ನ ಬಳಸೋ ಜಾಬಿಗೆ ಇನ್ಯಾರದ್ದೋ ಉತ್ತರ ಸಿಗೋ ಅಪಾಯ ಇದೆ.

ಪ್ರಶ್ನೆ: ಹೊಸ ಆ್ಯಪ್ ಶುರು ಮಾಡ್ತಿದೀವಿ, ರೈಲ್ಸ್ 8. ಅದರ ಜೊತೆ ಬರೋ ಸಾಲಿಡ್ ಕ್ಯೂ ಸಾಕಾ, ರೆಡಿಸ್ ಹಾಕಿ ಸೈಡ್‌ಕಿಕ್ ತರ್ಲಾ?

ಉತ್ತರ: ಸಾಲಿಡ್ ಕ್ಯೂನಿಂದಾನೇ ಶುರು ಮಾಡಿ. ಜಾಬ್‌ಗಳೆಲ್ಲ ಡೇಟಾಬೇಸ್ ಟೇಬಲ್‌ನಲ್ಲೇ ಇರುತ್ವೆ, ನೋಡಿಕೊಳ್ಳೋಕೆ ಇನ್ನೊಂದು ಸರ್ವರ್ ಇಲ್ಲ. ಡೇಟಾಬೇಸಲ್ಲಿ ಕ್ಯೂ ಇಡೋದು ಹೊಸದೇನಲ್ಲ, ಡಿಲೇಡ್ ಜಾಬ್ ಅನ್ನೋ ಲೈಬ್ರರಿ ಎಷ್ಟೋ ವರ್ಷದ ಹಿಂದೆಯೇ ಅದನ್ನ ಮಾಡ್ತಿತ್ತು, ಆದ್ರೆ ಎರಡು ವರ್ಕರ್ ಒಂದೇ ಸಾಲಿಗೆ ಕೈ ಹಾಕಿ ಕಾದು ಕೂರೋ ಕಷ್ಟ ಇತ್ತು. ಪೋಸ್ಟ್‌ಗ್ರೆಸ್ 9.5, ಮೈಎಸ್‌ಕ್ಯೂಎಲ್ 8ರಲ್ಲಿ ಸ್ಕಿಪ್ ಲಾಕ್ಡ್ ಬಂದ್ಮೇಲೆ ಬೇರೆಯವರು ಹಿಡಿದಿರೋ ಸಾಲನ್ನ ದಾಟಿ ಮುಂದಿನದನ್ನ ಎತ್ಕೊಳ್ಳೋಕೆ ಆಗುತ್ತೆ, ಸಾಲಿಡ್ ಕ್ಯೂ ನಿಂತಿರೋದೇ ಅದರ ಮೇಲೆ.

ಒಂದು ವಿಷಯ ಮಾತ್ರ ಮೊದಲ ದಿನಾನೇ ತಿಳ್ಕೊಳ್ಳಿ: ಸಾಲಿಡ್ ಕ್ಯೂ ತಾನಾಗಿ ರಿಟ್ರೈ ಮಾಡಲ್ಲ. ಫೇಲ್ ಆದ ಜಾಬ್ ಫೇಲ್ ಆದವರ ಟೇಬಲ್‌ನಲ್ಲಿ ಹೋಗಿ ಸುಮ್ನೆ ಕೂರುತ್ತೆ. ಆಕ್ಟಿವ್ ಜಾಬ್‌ನ ರಿಟ್ರೈ ಆನ್ (retry_on) ಸಾಲನ್ನ ನೀವೇ ಬರೀಬೇಕು, ಅದೂ ಡೀಫಾಲ್ಟ್ ಆಗಿ ಒಟ್ಟು 5 ಪ್ರಯತ್ನ, ನಡುವೆ ಸುಮಾರು 3 ಸೆಕೆಂಡ್ ಗ್ಯಾಪ್ ಅಷ್ಟೇ. ಹೊರಗಿನ ಸರ್ವರ್ ಹತ್ತು ನಿಮಿಷ ಮಲಗಿದ್ರೆ ಐದೂ ಪ್ರಯತ್ನ ಅರ್ಧ ನಿಮಿಷದೊಳಗೆ ಖರ್ಚಾಗಿ ಹೋಗಿರುತ್ತೆ. ಸೈಡ್‌ಕಿಕ್‌ನಿಂದ ಬಂದವರು ಇದನ್ನ ಮರೆತುಬಿಡ್ತಾರೆ, ಎಲ್ಲಾ ಜಾಬ್‌ಗೂ ಮೂಲವಾದ ಅಪ್ಲಿಕೇಷನ್ ಜಾಬ್ ಕ್ಲಾಸಲ್ಲೇ ಗ್ಯಾಪ್ ಬೆಳೀತಾ ಹೋಗೋ ಹಾಗೆ ಬರೆದಿಟ್ಟು, ಫೇಲ್ ಆದವರ ಟೇಬಲ್‌ನಲ್ಲಿ ಒಂದು ಸಾಲು ಬಿದ್ರೂ ನಿಮಗೆ ಸುದ್ದಿ ಬರೋ ಹಾಗೆ ಮಾಡ್ಕೊಳ್ಳಿ.