ಮುಂದಿನ ತಿಂಗಳು 18 ತುಂಬುತ್ತೆ, ಜೈಲಿಗೆ ಹಾಕ್ತಾರಾ?

ಪ್ರಶ್ನೆ: ನನ್ನ ಅಣ್ಣನ ಮಗನಿಗೆ 17 ವರ್ಷ 11 ತಿಂಗಳು. ಸುಗ್ಗಿ ಹಬ್ಬದ ರಾತ್ರಿ ಜಗಳದಲ್ಲಿ ಪಕ್ಕದ ಲೈನ್ ಮನೆ ಹುಡುಗನ ತೋಳಿಗೆ ತೋಟದಲ್ಲಿ ಕೊಂಬೆ ಸವರುವ ಮರಗಸಿ ಕತ್ತಿ ಬೀಸಿಬಿಟ್ಟ. ಆ ಹುಡುಗ ಆಸ್ಪತ್ರೆಯಲ್ಲಿದ್ದಾನೆ. ಕೊಲೆ ಯತ್ನದ ಕೇಸಾಗಿದೆ. 18 ತುಂಬಿದ ಕೂಡಲೇ ದೊಡ್ಡವರ ಜೈಲಿಗೆ ಹಾಕ್ತಾರೆ ಅಂತಾರೆ. ನಿಜವಾ ಮೇಡಂ?
– ಒಬ್ಬ ಅತ್ತೆ, ಸಕಲೇಶಪುರ ತಾಲ್ಲೂಕು

ಉತ್ತರ: ನಿಜವಲ್ಲ ಅಕ್ಕಾ. ಲೆಕ್ಕಕ್ಕೆ ಬರುವುದು ಘಟನೆ ನಡೆದ ದಿನದ ವಯಸ್ಸು. ನಡುವೆ 18 ತುಂಬಿದರೂ ಕೇಸು 18 ತುಂಬದವರ ಕೇಸು ನೋಡುವ ಬಾಲ ನ್ಯಾಯ ಮಂಡಳಿಯಲ್ಲೇ ಮುಂದುವರಿಯುತ್ತದೆ. ಅವನನ್ನು ಲಾಕಪ್ಪಿನಲ್ಲಿ ಇಡುವಂತೆಯೂ ಇಲ್ಲ.

ದೊಡ್ಡವರಂತೆ ವಿಚಾರಣೆ ಮಾಡುವ ದಾರಿ ತೆರೆದದ್ದು 2015ರ ಬಾಲ ನ್ಯಾಯ ಕಾಯ್ದೆ. 2012ರ ದೆಹಲಿ ಸಾಮೂಹಿಕ ಅತ್ಯಾಚಾರ ಪ್ರಕರಣದ ಸಿಟ್ಟು ಅದರ ಹಿಂದಿತ್ತು. ಆದರೆ 16 ದಾಟಿದವರ ಮೇಲೆ ‘ಘೋರ’ ಅಪರಾಧದ ಆರೋಪ ಇದ್ದರೆ ಮಾತ್ರ ಆ ದಾರಿ. ಘೋರ ಅಂದರೆ ಕನಿಷ್ಠ ಶಿಕ್ಷೆಯೇ 7 ವರ್ಷ ಅಥವಾ ಜಾಸ್ತಿ ಇರುವಂಥದ್ದು. ಕೊಲೆ ಯತ್ನಕ್ಕೆ ಜೀವಾವಧಿವರೆಗೂ ಶಿಕ್ಷೆ ಕೊಡಬಹುದು, ಕನಿಷ್ಠ ಇಷ್ಟೇ ಅಂತ ಇಲ್ಲ. ಇಂಥವು ಘೋರದ ಲೆಕ್ಕಕ್ಕೆ ಬರುವುದಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ತಪ್ಪು ಸಾಬೀತಾದರೂ ಜೈಲಲ್ಲ, ಇಂಥ ಮಕ್ಕಳನ್ನು ಇಡುವ ವಿಶೇಷ ಗೃಹದಲ್ಲಿ ಹೆಚ್ಚೆಂದರೆ 3 ವರ್ಷ.

ಒಂದು ಮಾತು ಮುಚ್ಚಿಡಲಾರೆ. ಗಾಯಗೊಂಡ ಹುಡುಗನ ಪ್ರಾಣಕ್ಕೆ ಏನಾದರೂ ಆಗಿ ಕೊಲೆ ಕೇಸಾದರೆ ಅದು ಘೋರದ ಲೆಕ್ಕಕ್ಕೆ ಬರುತ್ತದೆ, ದೊಡ್ಡವರಂತೆ ವಿಚಾರಣೆ ಬೇಕಾ ಅಂತ ತೀರ್ಮಾನಿಸಲು ಮಂಡಳಿ ನಿಮ್ಮ ಹುಡುಗನ ಮನಸ್ಸನ್ನು ಅಳೆಯಬೇಕಾಗುತ್ತದೆ. ಮಾಡುವುದರ ಪರಿಣಾಮ ಗೊತ್ತಿತ್ತಾ, ಯಾವ ಸನ್ನಿವೇಶದಲ್ಲಿ ಮಾಡಿದ ಅಂತ ನೋಡುತ್ತಾರೆ. ಆಗಲೂ ಗಲ್ಲು ಶಿಕ್ಷೆ ಇಲ್ಲ.

ನಾನು ಅಂಥ ಮಂಡಳಿಯಲ್ಲಿ ಸದಸ್ಯೆಯಾಗಿ ಕೂತಿದ್ದವಳು. ಅಲ್ಲಿ ಕಟಕಟೆ ಇರುವುದಿಲ್ಲ, ಎದುರುಬದುರು ಕುರ್ಚಿ, ಮಧ್ಯೆ ಮೇಜು ಅಷ್ಟೇ. ಒಬ್ಬ ಹುಡುಗ, ಇವನದೇ ವಯಸ್ಸು, ಶರ್ಟಿನ ಕೊನೆಯ ಗುಂಡಿಯನ್ನು ತಿರುಚುತ್ತಾ ಕೂತಿದ್ದ. ದಾರ ಕಿತ್ತು ಗುಂಡಿ ಕೆಳಗೆ ಬಿತ್ತು. ಆ ದಿನ ಏನಾಯ್ತಪ್ಪಾ ಅಂದೆ. ಅವನು ಕೇಳಿದ್ದು, ‘ಹಾಲ್ ಟಿಕೆಟ್ ಬಂತಾ ಮೇಡಂ?’ ಅಂತ. ಅವನಿಂದ ಏಟು ತಿಂದವನ ತಾಯಿ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಇಬ್ಬರ ಮುಖವೂ ನನ್ನ ಕಣ್ಣಿಂದ ಹೋಗಿಲ್ಲ.

ನಿಮ್ಮ ಹುಡುಗನಿಗೆ ಮಾತು ಹೇಳಿಕೊಟ್ಟು ಕಳಿಸಬೇಡಿ. ನಡೆದದ್ದನ್ನೇ ಹೇಳಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಶಾಲೆಯ ದಾಖಲೆ ಹುಡುಕಿಡಿ, ವಯಸ್ಸಿಗೆ ಅದೇ ಸಾಕ್ಷಿ. ವಕೀಲರಿಗೆ ಸುಮ್ನೆ ಸಾಲ ಮಾಡಬೇಡಿ. ಹಾಸನದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಕೇಳಿ, ಮಕ್ಕಳಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ನಾಳೆಯೇ ಹೋಗಿ.