ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾದಂಬರಿ ತೆರೆಗೆ ಬಂದಾಗ

ಪ್ರಶ್ನೆ: ಫ್ರೆಂಚ್ ಲೇಖಕ ಡ್ಯೂಮಾನ ‘ಕೌಂಟ್ ಆಫ್ ಮಾಂಟೆ ಕ್ರಿಸ್ಟೊ’ ನನ್ನ ಮೆಚ್ಚಿನ ಕಾದಂಬರಿ. 2002ರ ಇಂಗ್ಲಿಷ್ ಚಿತ್ರ ನೋಡಿದಾಗ ಅರ್ಧ ಕಥೆಯೇ ಮಾಯವಾಗಿತ್ತು. ಇಷ್ಟೊಂದು ಬಿಟ್ಟ ಮೇಲೂ ಒಳ್ಳೆಯ ಚಿತ್ರ ಎನ್ನಬಹುದೇ?

ಉತ್ತರ: ಬಿಟ್ಟರು ಎಂಬ ಒಂದೇ ಕಾರಣಕ್ಕೆ ಅಂಕ ಕಳೆಯಬೇಡಿ. ಸುಳ್ಳು ಆರೋಪಕ್ಕೆ ಜೈಲು ಸೇರಿದ ನಾವಿಕನೊಬ್ಬ ತಪ್ಪಿಸಿಕೊಂಡು, ಕೌಂಟ್ ಎಂಬ ಶ್ರೀಮಂತನ ವೇಷದಲ್ಲಿ ಬಂದು ಶತ್ರುಗಳ ಮೇಲೆ ಸೇಡು ತೀರಿಸಿಕೊಳ್ಳುವ ಈ ಕಾದಂಬರಿಯಲ್ಲಿ 117 ಅಧ್ಯಾಯಗಳಿವೆ. ಮೂರು ಗಂಟೆಯ ಚಿತ್ರ ಮಾಡಿದರೂ ಅಧ್ಯಾಯವೊಂದಕ್ಕೆ ಸಿಗುವುದು ಒಂದೂವರೆ ನಿಮಿಷ. ಅದು 1844ರಿಂದ 1846ರವರೆಗೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಕಥೆ. ಕಂತುಕಂತಾಗಿ ಓದಲು ಹೇಳಿಮಾಡಿಸಿದ ಉಪಕಥೆಗಳೆಲ್ಲ ಒಂದೇ ಸಲ ಕೂತು ನೋಡುವ ಚಿತ್ರಕ್ಕೆ ಬೇಕಾಗುವುದಿಲ್ಲ.

ನೋಡಬೇಕಾದ್ದು ಕಾರಣ ಮತ್ತು ಪರಿಣಾಮ. ಚಿತ್ರಕ್ಕೆ ಹೋಗುವ ಮೊದಲು ಕಾದಂಬರಿಯ ಆರೇಳು ಮುಖ್ಯ ತಿರುವುಗಳನ್ನು ಬರೆದುಕೊಳ್ಳಿ. ಪ್ರತಿಯೊಂದರ ಪಕ್ಕದಲ್ಲಿ ಅದು ಏಕೆ ನಡೆಯಿತು, ಅದರಿಂದ ಯಾರು ಬದಲಾದರು ಎಂದು ಒಂದೊಂದು ಸಾಲು ಸಾಕು. ರೋಮಿನ ಡಕಾಯಿತ ವಾಂಪಾನ ಪೂರ್ವಕಥೆ ಹೋದರೆ ನಷ್ಟವಿಲ್ಲ. ಆದರೆ ಅವನ ಸೆರೆಯಿಂದ ಶತ್ರುವಿನ ಮನೆಯ ಯುವಕ ಆಲ್ಬರ್ಟ್‌ನನ್ನು ಕೌಂಟ್ ಬಿಡಿಸುವ ಪ್ರಸಂಗ ಹೋದರೆ, ಆ ಮನೆಗೆ ಕೌಂಟನಿಗೆ ಬಾಗಿಲು ತೆರೆದದ್ದು ಹೇಗೆ? ನಿರ್ದೇಶಕ ಬೇರೆ ದಾರಿ ಕಟ್ಟಲೇಬೇಕು.

ನೀವು ನೋಡಿದ ಚಿತ್ರ ಆ ಪ್ರಸಂಗವನ್ನು ಉಳಿಸಿಕೊಂಡಿದೆ. ಅದು ಎಡವುವುದು ಇನ್ನೊಂದು ಕಡೆ. ಮೂಲದಲ್ಲಿ ಆಲ್ಬರ್ಟ್ ಶತ್ರು ಫರ್ನಾಂಡನ ಮಗ. ಅವನಿಗೂ ಕೌಂಟನಿಗೂ ನಡೆಯಬೇಕಿದ್ದ ದ್ವಂದ್ವಯುದ್ಧದ ಹಿಂದಿನ ರಾತ್ರಿ ಅವನ ತಾಯಿ, ಕೌಂಟನ ಹಿಂದಿನ ಪ್ರೇಯಸಿ ಮರ್ಸಿಡಿಸ್ ಬಂದು ಬೇಡಿಕೊಂಡಾಗ, ತಾನೇ ಸಾಯಬೇಕಾದೀತು ಎಂದು ಗೊತ್ತಿದ್ದೂ ಕೌಂಟ್ ಅವನನ್ನು ಕೊಲ್ಲುವುದಿಲ್ಲವೆಂದು ಒಪ್ಪುತ್ತಾನೆ. ಚಿತ್ರದಲ್ಲಿ ಆಲ್ಬರ್ಟ್ ಕೌಂಟನ ಸ್ವಂತ ಮಗನೆಂದು ಬಯಲಾಗುತ್ತದೆ. ಹಗೆಯವನ ಮಗನನ್ನು ಉಳಿಸುವುದಕ್ಕೆ ಎದೆ ಬೇಕು. ಸ್ವಂತ ಮಗನನ್ನು ಯಾರಾದರೂ ಉಳಿಸಿಕೊಳ್ಳುತ್ತಾರೆ. ಕಾದಂಬರಿಯ ಅತ್ಯಂತ ಕಷ್ಟದ ನಿರ್ಧಾರ ಅಲ್ಲಿ ಸಲೀಸಾಗಿ ಹೋಯಿತು. ನೂರು ದೃಶ್ಯ ಕತ್ತರಿಸಿದ್ದಕ್ಕಿಂತ ದೊಡ್ಡ ನಷ್ಟ ಇದು.

ಇನ್ನೊಂದು ಪರೀಕ್ಷೆ: ಸೇಡಿನ ಬಗ್ಗೆ ಕೌಂಟನಿಗೆ ಅನುಮಾನ ಹುಟ್ಟುವುದು ಯಾವಾಗ? ಮೂಲದಲ್ಲಿ ತನ್ನನ್ನು ಜೈಲಿಗೆ ತಳ್ಳಿದ ಸರ್ಕಾರಿ ವಕೀಲ ವಿಲ್‌ಫೋರನ ಪುಟ್ಟ ಮಗ ಎಡ್ವರ್ಡ್ ವಿಷದಿಂದ ಸತ್ತದ್ದನ್ನು ಕಂಡಾಗ. ಆ ಸಾವಿನಿಂದಾಗಿಯೇ ಕೊನೆಗೆ ಮತ್ತೊಬ್ಬ ಶತ್ರು ದಾಂಗ್ಲಾರನಿಗೆ ಕ್ಷಮೆ ಸಿಗುತ್ತದೆ. ಮಗುವನ್ನು ಕಥೆಯಿಂದ ತೆಗೆಯುವವರು ಅಷ್ಟೇ ಭಾರದ ಮತ್ತೊಂದು ಪೆಟ್ಟನ್ನು ಕೊಡಬೇಕು. ಇಲ್ಲವಾದರೆ ಕೊನೆಯ ಕ್ಷಮೆ ಬರೀ ಮಾತಾಗುತ್ತದೆ.

ಪ್ರಶ್ನೆ: 2024ರ ಫ್ರೆಂಚ್ ಚಿತ್ರದಲ್ಲಿ ವಿಲ್‌ಫೋರನಿಗೆ ಒಬ್ಬ ಸೋದರಿ ಇದ್ದಾಳೆ. ಪುಸ್ತಕದಲ್ಲಿ ಇಲ್ಲದವಳನ್ನು ತರುವುದು ಸರಿಯೇ?

ಉತ್ತರ: ಅವಳು ಮೂಲದ ಯಾವ ಪಾತ್ರದ ಕೆಲಸ ಮಾಡುತ್ತಿದ್ದಾಳೆ ಎಂದು ಕೇಳಿ. ಮನೆಯವರೊಬ್ಬರು ಗಡೀಪಾರಾದ ನೆಪೋಲಿಯನ್ ಪಕ್ಷದವರಾಗಿರುವುದು ತನ್ನ ಹುದ್ದೆಗೆ ಕುತ್ತು ಎಂಬ ಭಯದಿಂದಲೇ ವಿಲ್‌ಫೋರ್ ನಿರಪರಾಧಿಯನ್ನು ಜೈಲಿಗೆ ತಳ್ಳುತ್ತಾನೆ. ಮೂಲದಲ್ಲಿ ಆ ಭಯ ಹುಟ್ಟುವುದು ತಂದೆ ನ್ವಾರ್ತಿಯೆಯಿಂದ, ಚಿತ್ರದಲ್ಲಿ ಸೋದರಿ ಆಂಜೆಲ್‌ಳಿಂದ. ಕಾರಣ ಉಳಿಯಿತು, ಹಾಗಾಗಿ ಈ ಬದಲಾವಣೆಯನ್ನು ನಾವು ಒಪ್ಪುತ್ತೇವೆ. ಆದರೂ ಪಾರ್ಶ್ವವಾಯು ಬಡಿದು, ಕಣ್ಣಿನ ಸನ್ನೆಯಲ್ಲೇ ಮಾತಾಡುತ್ತ ಮೊಮ್ಮಗಳನ್ನು ಕಾಯುವ ಆ ಮುದುಕನನ್ನು ತೆರೆಯ ಮೇಲೆ ಕಾಣುವ ಆಸೆ ನಮಗೂ ಇತ್ತು.

ಪ್ರಶ್ನೆ: ಹೋಲಿಸಲು ಯಾವ ಪ್ರತಿ ಓದಬೇಕು?

ಉತ್ತರ: ಮೊದಲು ಪರಿವಿಡಿ ನೋಡಿ. 117 ಅಧ್ಯಾಯಗಳಿಗಿಂತ ತೀರಾ ಕಡಿಮೆಯಿದ್ದರೆ ಅದು ಸಂಕ್ಷಿಪ್ತ ಪ್ರತಿ. ಅದನ್ನು ಹಿಡಿದು ‘ಇದು ಚಿತ್ರದವರ ಕಲ್ಪನೆ’ ಎಂದು ತೀರ್ಪು ಕೊಡಬೇಡಿ. ಇಂಗ್ಲಿಷಿನಲ್ಲಿ ಓದುವುದಾದರೆ 1996ರ ರಾಬಿನ್ ಬಸ್ ಅನುವಾದ ಪೂರ್ಣವಾಗಿದೆ.