ಚೀಲ ಹಂಚಿದರೆ ತೋಡಿನ ನೀರು ತಿಳಿಯಾಗದು

ಪ್ರಶ್ನೆ: ನಮ್ಮೂರಿನ ಗೇರುಬೀಜದ ಕಾರ್ಖಾನೆಯೊಂದು ‘ಜವಾಬ್ದಾರಿಯುತ, ಸುಸ್ಥಿರ ಉದ್ಯಮ’ ಎಂದು ಫಲಕ ಹಾಕಿಕೊಂಡಿದ್ದು, ಪ್ರತಿವರ್ಷ ಶಾಲಾಮಕ್ಕಳಿಗೆ ಚೀಲ, ಪುಸ್ತಕ ಹಂಚುತ್ತದೆ. ಆದರೆ ಕಾರ್ಖಾನೆಯ ಕಪ್ಪು ನೀರು ಕೆಳಗಿನ ತೋಡಿಗೆ ಸೇರುತ್ತಿದೆ. ಕೇಳಿದರೆ ಸಮಾಜಸೇವೆಯ ಲೆಕ್ಕ ತೋರಿಸುತ್ತಾರೆ. ಇದು ಸರಿಯೇ?
– ಓರ್ವ ಓದುಗರು, ಪೆರ್ಲ

ಉತ್ತರ: ಸರಿಯಲ್ಲ, ಕಾನೂನು ಕೂಡ ಈ ಸಮಜಾಯಿಷಿಯನ್ನು ಒಪ್ಪುವುದಿಲ್ಲ. 2013ರ ಕಂಪೆನಿ ಕಾಯಿದೆಯ 135ನೆಯ ಕಲಮಿನಂತೆ, 5 ಕೋಟಿ ರೂ. ನಿವ್ವಳ ಲಾಭ, ಇಲ್ಲವೇ 1,000 ಕೋಟಿ ವಹಿವಾಟು, ಇಲ್ಲವೇ 500 ಕೋಟಿ ನಿವ್ವಳ ಮೌಲ್ಯವುಳ್ಳ ಕಂಪೆನಿಯು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ. 2ನ್ನು ಸಮಾಜದ ಕೆಲಸಗಳಿಗೆ ವ್ಯಯಿಸಬೇಕು. ಬೇರೆ ಕಾಯಿದೆಯಂತೆ ಹೇಗೂ ಮಾಡಲೇಬೇಕಾದ ಕೆಲಸದ ಖರ್ಚನ್ನು ಈ ಲೆಕ್ಕಕ್ಕೆ ಸೇರಿಸುವಂತಿಲ್ಲವೆಂದು ಅದರ ನಿಯಮಗಳಲ್ಲೇ ಇದೆ. ಕೊಳೆನೀರನ್ನು ಶುದ್ಧೀಕರಿಸುವುದು 1974ರ ಜಲಮಾಲಿನ್ಯ ಕಾಯಿದೆಯ ಬಾಧ್ಯತೆ. ಎಷ್ಟು ಚೀಲ ಹಂಚಿದರೂ ಅದು ತೀರದು.

ಕೇರಳದ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕವನ್ನು ಸುರಿಸಿದ್ದು ಸರಕಾರದ್ದೇ ಒಡೆತನದ, ಊರವರಿಗೆ ಉದ್ಯೋಗ ಕೊಟ್ಟಿದ್ದ ನಿಗಮ. ಗುಡ್ಡದ ಮೇಲೆ ಬಿದ್ದ ವಿಷ ತೋಡಿಗೂ ಕೆರೆಗೂ ನೀರಿಗಾಗಿ ಗುಡ್ಡಕ್ಕೆ ಕೊರೆದ ಮನೆಮನೆಯ ಸುರಂಗದ ನೀರಿಗೂ ಇಳಿಯಿತು. ಸುಪ್ರೀಂ ಕೋರ್ಟು 2011ರಲ್ಲಿ ಅದನ್ನು ನಿಷೇಧಿಸಿ, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂ. ಕೊಡಬೇಕೆಂದು ಆದೇಶಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಮಕ್ಕಳು ಹಾಸಿಗೆ ಹಿಡಿದೇ ಬೆಳೆದಿದ್ದರು. ಆದ್ದರಿಂದ ಉದ್ಯಮದ ಜವಾಬ್ದಾರಿಯನ್ನು ಅದರ ನಿತ್ಯದ ಕೆಲಸದಲ್ಲಿ ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನೀರಿನ ಜೊತೆಗೆ ಬೀಜ ಒಡೆಯುವ ಹೆಂಗಸರ ಕೈಗಳನ್ನೂ ನೋಡಿ. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ. ಬೆರಳ ತುದಿ ಕಪ್ಪಾಗಿ ಸುಲಿದಿದ್ದರೆ ಕೈಗವಸು ಕೊಡುತ್ತಿಲ್ಲವೆಂದೇ ತಿಳಿಯಬೇಕು. ಪಿ.ಎಫ್. (ಭವಿಷ್ಯನಿಧಿ), ಇ.ಎಸ್.ಐ. (ಕಾರ್ಮಿಕರ ಆರೋಗ್ಯ ವಿಮೆ) ಕಟ್ಟುತ್ತಾರೆಯೇ ಎಂದೂ ವಿಚಾರಿಸಿ.

ಷೇರುಪೇಟೆಯಲ್ಲಿ ಮಾರುಕಟ್ಟೆ ಮೌಲ್ಯದಂತೆ ಮೊದಲ 1,000 ಕಂಪೆನಿಗಳು ಪರಿಸರ ಮತ್ತು ಕಾರ್ಮಿಕರ ಕುರಿತ ವರದಿಯನ್ನು 2022-23ರಿಂದ ಕಡ್ಡಾಯವಾಗಿ ಪ್ರಕಟಿಸಬೇಕೆಂದು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ ವಿಧಿಸಿದೆ. ಸಣ್ಣ ಕಾರ್ಖಾನೆಗೆ ಅದು ತಟ್ಟದು. ಆದರೂ ಇಲ್ಲಿನ ಬೀಜ ಕೊಳ್ಳುವ ದೊಡ್ಡ ಕಂಪೆನಿ ಆ ಪಟ್ಟಿಯಲ್ಲಿದ್ದರೆ ಅವರಿಗೂ ಒಂದು ಪತ್ರ ಬರೆಯಿರಿ.

ಮೊದಲು ಮಾಡಬೇಕಾದುದು, ಮಾಲಿನ್ಯ ನಿಯಂತ್ರಣ ಮಂಡಳಿ ಕಾರ್ಖಾನೆಗೆ ಕೊಟ್ಟ ಅನುಮತಿಪತ್ರದ ಪ್ರತಿಯನ್ನು ಷರತ್ತುಗಳ ಸಮೇತ ಮಾಹಿತಿ ಹಕ್ಕಿನಲ್ಲಿ ಕೇಳುವುದು. ಶುಲ್ಕ 10 ರೂ., ಉತ್ತರಕ್ಕೆ 30 ದಿನಗಳ ಗಡುವು. ಇಲ್ಲಿನ ಸರಕಾರಿ ಕಚೇರಿಗಳಿಗೆ ಕನ್ನಡದಲ್ಲೇ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು 1969ರ ಕೇರಳ ಅಧಿಕೃತ ಭಾಷಾ ಕಾಯಿದೆ ನಿಮಗೆ ಕೊಟ್ಟಿದೆ, ಸಂಕೋಚ ಬೇಡ. ಬಳಿಕ ಊರವರ ಸಹಿಯೊಂದಿಗೆ ಮಂಡಳಿಗೆ ದೂರು ಕೊಡಿ. ನೀವೇ ಬಾಟಲಿಯಲ್ಲಿ ತುಂಬಿದ ನೀರು ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟ. ಮಂಡಳಿಯ ಅಧಿಕಾರಿಯೇ ಕಾರ್ಖಾನೆಯವರಿಗೆ ನೋಟೀಸು ಕೊಟ್ಟು, ಮಾದರಿಯನ್ನು ಎರಡು ಪಾಲು ಮಾಡಿ, ಮೊಹರು ಹಾಕಿ, ಸಹಿ ಪಡೆದು ಪ್ರಯೋಗಾಲಯಕ್ಕೆ ಕಳುಹಿಸಬೇಕು. ನೀರು ಬಿಡುವ ಹೊತ್ತು ಯಾವುದೆಂದು ದೂರಿನಲ್ಲಿ ಖಚಿತವಾಗಿ ಬರೆದು, ಆ ಹೊತ್ತಿಗೇ ಬರುವಂತೆ ಒತ್ತಾಯಿಸಿ.